ಎಡಗಡೆ ಚಕ್ರದ ನೆಲಬಿಗಿ

ಆ ಬೀದಿಯವರಿಗೆ ಗುಮಾಸ್ತರ ಮುಖಕ್ಕಿಂತ ಅವರ ಕಾಲುಗಳ ಪರಿಚಯವೇ ಹೆಚ್ಚು. ಭಾನುವಾರ ಬೆಳಿಗ್ಗೆ ಹಾಲಿಗೋ ಪೇಪರಿಗೋ ಹೊರಟವರಿಗೆ ಅವರ ಗೇಟಿನೊಳಗೆ ಕಾಣುತ್ತಿದ್ದುದು ಒಂದು ಹಳೆಯ ಬಿಳಿ ಕಾರು, ಅದರ ಹೊಟ್ಟೆಯಡಿಯಿಂದ ಚಾಚಿಕೊಂಡ ಎರಡು ಕಾಲು, ಪಕ್ಕದಲ್ಲಿ ಬಿಚ್ಚಿಟ್ಟ ಒಂದು ಜೊತೆ ಚಪ್ಪಲಿ. "ನಮಸ್ಕಾರ ಸಾರ್" ಎಂದು ಯಾರಾದರೂ ಕೂಗಿದರೆ ಬಲಗಾಲಿನ ಹೆಬ್ಬೆರಳು ಒಮ್ಮೆ ಅಲ್ಲಾಡುತ್ತಿತ್ತು. ಪ್ರತಿನಮಸ್ಕಾರ ಅಷ್ಟೇ. ಹೀಗಾಗಿ ಅವರಿಗೆ 'ಕಾಲು ಸಾಹೇಬರು' ಎಂಬ ಹೆಸರು ಬಿತ್ತು. ಅದು ಅವರ ಕಿವಿಗೂ ಬಿದ್ದಿತ್ತು, ಒಳಗೊಳಗೇ ಸ್ವಲ್ಪ ಹಿಗ್ಗೂ ಇತ್ತು.

ವಾರದ ಉಳಿದ ದಿನಗಳಲ್ಲಿ ಅವರು ಭೂಮಾಪನ ಕಚೇರಿಯ ದಾಖಲೆ ಕೋಣೆಯಲ್ಲಿ ಕೂರುತ್ತಿದ್ದರು. ಅಲ್ಲಿ ಕಪಾಟಿಗೊಂದು ಕಪಾಟು ಆತುಕೊಂಡು ನಿಂತಿದ್ದವು, ಹಳೆಯ ನಕ್ಷೆಗಳು ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿದ್ದವು. ಯಾರೋ ಕಳೆದದ್ದನ್ನು ಹುಡುಕಿಕೊಡುವುದು ಇವರ ಕೆಲಸ. ಹುಡುಕಿಕೊಟ್ಟರೆ ಥ್ಯಾಂಕ್ಸ್ ಇಲ್ಲ, ಸಿಗದಿದ್ದರೆ ಬೈಗುಳ ತಪ್ಪಿದ್ದಲ್ಲ. ಅಂಥ ಮನುಷ್ಯನಿಗೆ ಒಂದು ನಟ್ಟು ಬಿಚ್ಚಿ, ಕೊಳೆತ ಆಯಿಲ್ ಫಿಲ್ಟರ್ ತೆಗೆದು ಹೊಸದು ಹಾಕಿ, ಕೀಲಿ ತಿರುಗಿಸಿದರೆ ಇಂಜಿನ್ನು ಮರುಮಾತಿಲ್ಲದೆ ಗುರ್ ಎನ್ನುವುದು ಎಷ್ಟು ದೊಡ್ಡ ಸುಖ ಎಂಬುದು ಕಚೇರಿಯಲ್ಲಿ ಬಾಳು ಸವೆಸಿದವರಿಗೇ ಗೊತ್ತು.

ಶುರುವಾದದ್ದು ಒಂದು ಸಿಟ್ಟಿನಿಂದ. ಹದಿನೈದು ವರ್ಷದ ಹಿಂದೆ ಒಂದು ಗ್ಯಾರೇಜಿನವನು ಹಳೆಯ ಸ್ಪಾರ್ಕ್ ಪ್ಲಗ್ಗುಗಳನ್ನೇ ಪೆಟ್ರೋಲಿನಲ್ಲಿ ಉಜ್ಜಿ, ಹೊಸದು ಹಾಕಿದೆ ಎಂದು ಕೈತೊಳೆದುಕೊಂಡಿದ್ದ. ಅದರಲ್ಲೊಂದು ಪ್ಲಗ್ಗಿನ ಬಿಳಿ ಪಿಂಗಾಣಿಯಲ್ಲಿ ಚೂರು ಚಕ್ಕೆ ಎದ್ದಿದ್ದನ್ನು ಇವರು ಮೊದಲೇ ಕಂಡಿದ್ದರು. ಜಗಳ ಇವರಿಗೆ ಬರುವುದಿಲ್ಲ. ಬಾಯಿ ಮುಚ್ಚಿಕೊಂಡು ಮನೆಗೆ ಬಂದು, ಇನ್ನು ಮುಂದೆ ಕಾರನ್ನು ಪರರ ಕೈಗೆ ಕೊಟ್ಟರೆ ನನ್ನ ಹೆಸರು ಬೇರೆ ಇಡಿ ಎಂದರು. ಕಂಪನಿಯ ಕೈಪಿಡಿಯನ್ನು ಪರೀಕ್ಷೆಗೆ ಓದುವವರ ಹಾಗೆ ಓದಿದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇವರ ಕೈಯಂತೂ ಗ್ರೀಸಾಯಿತು, ಆ ಮೊಸರು ಯಾರ ಬಾಯಿಗೆ ಬಿತ್ತೋ ನಾನು ಕಾಣೆ.

"ಅಪ್ಪ ನನ್ನ ಕೊಟ್ಟಿದ್ದು ಗುಮಾಸ್ತನಿಗೆ. ಸಂಸಾರ ಮಾಡ್ತಿರೋದು ಮೆಕ್ಯಾನಿಕ್ ಜೊತೆ" ಎನ್ನುತ್ತಿದ್ದರು ಅವರ ಹೆಂಡತಿ, ಅಂಗಿಯ ಕಪ್ಪು ಕಲೆ ಉಜ್ಜುತ್ತಾ.

ನೆಂಟರಿಷ್ಟರಲ್ಲಿ ಗುಮಾಸ್ತರ ಕೈಚಳಕವನ್ನು ಮನಸಾರೆ ನಂಬಿದ್ದು ಒಬ್ಬಳೇ, ಅವರ ತಂಗಿ. ಅವಳು ಇವರಿಗಿಂತ ಹತ್ತು ವರ್ಷ ಚಿಕ್ಕವಳು. ಅಪ್ಪ ಅಮ್ಮ ಬೇಗ ಹೋದದ್ದರಿಂದ ಸಾಕಿ, ಓದಿಸಿ, ಮದುವೆ ಮಾಡಿಕೊಟ್ಟವರು ಇವರೇ. ಅವಳಿಗೆ ತವರು ಅಂತಿದ್ದರೆ ಈ ಅಣ್ಣ, ಈ ಅಂಗಳ. ಗಂಡ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಮಾತು ಕಡಿಮೆ, ಲೆಕ್ಕ ಕರಾರುವಾಕ್ಕು. ಮನೆಯಲ್ಲಿ ಮೇಷ್ಟ್ರ ತಾಯಿಯೂ ಇದ್ದರು. ಊರಿನ ಇನ್ನೊಂದು ತುದಿಯಲ್ಲಿ ಅವರ ಮನೆ. ಅವರ ಕಾರು ಆರು ತಿಂಗಳಿಗೊಮ್ಮೆ ಅಣ್ಣನ ಅಂಗಳಕ್ಕೆ ಬರಲೇಬೇಕು. ಗ್ಯಾರೇಜಿಗೆ ಹೋದರೆ ಅಣ್ಣನ ಮರ್ಯಾದೆ ಏನಾಗಬೇಕು?

ಗುಮಾಸ್ತರ ಕೆಲಸಕ್ಕೆ ಕಟ್ಟುನಿಟ್ಟಾದ ಒಂದು ಕ್ರಮವಿತ್ತು. ಚಕ್ರ ಬಿಚ್ಚಿ ಮತ್ತೆ ಕೂರಿಸುವಾಗ ನಟ್ಟುಗಳನ್ನು ಎರಡು ಸಲ ಬಿಗಿಯಬೇಕು. ಕಾರು ಜ್ಯಾಕಿನ ಮೇಲಿದ್ದಾಗ ಒಮ್ಮೆ, ಸುಮ್ಮನೆ ಹಿಡಿದು ನಿಲ್ಲುವಷ್ಟು. ಅದಕ್ಕೆ ಅವರು 'ಕೈಬಿಗಿ' ಅನ್ನುತ್ತಿದ್ದರು. ಕಾರನ್ನು ನೆಲಕ್ಕಿಳಿಸಿ, ಅದರ ಭಾರವೆಲ್ಲ ಚಕ್ರದ ಮೇಲೆ ಬಿದ್ದ ಮೇಲೆ ಉದ್ದ ಹಿಡಿಯ ಪಾನಾ ಹಾಕಿ, ಎದುರುಬದುರಿನ ನಟ್ಟುಗಳನ್ನು ಮೈಭಾರ ಬಿಟ್ಟು ಬಿಗಿಯುವುದು 'ನೆಲಬಿಗಿ'. ನಿಜವಾದ ಬಿಗಿ ಅದು. ಅದಾದ ಮೇಲೆಯೇ ನಟ್ಟುಗಳ ಮೇಲೆ ಮುಚ್ಚುವ ಪ್ಲಾಸ್ಟಿಕ್ಕಿನ ಬೆಳ್ಳಿಬಣ್ಣದ ವೀಲ್ ಕಪ್ಪನ್ನು ಒತ್ತಿ ಕೂರಿಸುವುದು. ಕಪ್ಪು ಕೂತಿದೆ ಅಂದರೆ ಚಕ್ರದ ಕೆಲಸ ಮುಗಿದಿದೆ ಎಂದರ್ಥ. ಕಪ್ಪಿಲ್ಲದ ಚಕ್ರ ಅಂದರೆ ಬಾಕಿ ಇದೆ. ಹದಿನೈದು ವರ್ಷದಲ್ಲಿ ಈ ಕ್ರಮ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಆದರೆ ಅವರು ಇದನ್ನು ಯಾರಿಗೂ ಹೇಳಿರಲಿಲ್ಲ. ಒಬ್ಬರೇ ಕೆಲಸ ಮಾಡುವವರು ಯಾರಿಗೆ ಹೇಳುತ್ತಾರೆ?

ಆ ಭಾನುವಾರ ಗಂಡನ ಜೊತೆ ಬಂದಿದ್ದ ತಂಗಿಯ ಕಾರಿಗೆ ಮುಂದಿನ ಎರಡು ಚಕ್ರದ ಬ್ರೇಕ್ ಪ್ಯಾಡ್ ಬದಲಿಸುವುದಿತ್ತು. ಹಳೆಯವು ಸವೆದು ಕಾಗದದಷ್ಟು ತೆಳ್ಳಗಾಗಿದ್ದವು. ಹೊಸ ಪ್ಯಾಡ್ ಕೂರಿಸಿ, ಎರಡೂ ಚಕ್ರಕ್ಕೆ ಕೈಬಿಗಿ ಕೊಟ್ಟು, ಕಾರು ಇಳಿಸಿದರು. ಬಲಗಡೆ ಚಕ್ರದ ನೆಲಬಿಗಿ ಮುಗಿಯಿತು. ಎಡಗಡೆಗೆ ಬರುವಷ್ಟರಲ್ಲಿ ಒಳಗಿನಿಂದ ಹೆಂಡತಿ ಕೂಗಿದರು. ಕಚೇರಿಯಿಂದ ಫೋನು, ನಾಳೆ ಕೋರ್ಟಿಗೆ ಬೇಕಾದ ಒಂದು ದಾಖಲೆಯ ನಂಬರು ಈಗಲೇ ಬೇಕಂತೆ. ಡೈರಿ ಹುಡುಕಿ, ನಂಬರು ಹೇಳಿ, ಸಾಹೇಬರ ಎರಡು ಬೈಗುಳ ಕೇಳಿಸಿಕೊಂಡು ಅವರು ಹೊರಗೆ ಬಂದಾಗ ಕಾಲು ಗಂಟೆ ಕಳೆದಿತ್ತು. ಎರಡೂ ಚಕ್ರಕ್ಕೆ ಕಪ್ಪು ಕೂತು ಥಳಥಳ ಹೊಳೆಯುತ್ತಿದ್ದವು. ಓಹೋ, ಮುಗಿಸಿಯೇ ಒಳಗೆ ಹೋಗಿದ್ದೆನಲ್ಲ ಎಂದುಕೊಂಡರು. ಬೀದಿಯಲ್ಲಿ ಒಂದು ಸುತ್ತು ಹೊಡೆದು ಬ್ರೇಕ್ ನೋಡಿದರು. ಹಿಡಿತ ಚೆನ್ನಾಗಿತ್ತು. ಕೀಲಿ ಮೇಷ್ಟ್ರ ಕೈಗೆ ಹೋಯಿತು.

ಗುರುವಾರ ಮೇಷ್ಟ್ರ ಫೋನು ಬಂತು. "ಭಾವ, ಎಡಗಡೆಯಿಂದ ಏನೋ ಟಕ್ ಟಕ್ ಅಂತ ಸದ್ದು ಬರ್ತಿದೆ. ದಾರೀಲೇ ಒಂದು ಗ್ಯಾರೇಜಿದೆ, ತೋರಿಸ್ಲಾ?"

"ಹೊಸ ಪ್ಯಾಡು ಮೇಷ್ಟ್ರೇ, ಕೂತ್ಕೊಳ್ಳೋವರೆಗೂ ಸದ್ದು ಇರುತ್ತೆ. ಗ್ಯಾರೇಜಿನವರ ಹತ್ರ ಹೋದ್ರೆ ಇಲ್ಲದ ರೋಗ ಹುಟ್ಟಿಸ್ತಾರೆ. ಭಾನುವಾರ ನಾನೇ ನೋಡ್ತೀನಿ, ಓಡಿಸಿ."

ಇಷ್ಟೇ ಮಾತು. ಇದನ್ನು ಹೇಳುವಾಗ ಅವರು ಪುರಿ ತಿನ್ನುತ್ತಿದ್ದರು ಎಂಬುದೂ ಅವರಿಗೆ ಆಮೇಲೆ ನೆನಪಿಗೆ ಬಂತು. ಹಾಳು ನೆನಪು, ಬೇಡದ್ದನ್ನೆಲ್ಲ ಜೋಪಾನ ಮಾಡಿ ಇಟ್ಟಿರುತ್ತದೆ.

ಶನಿವಾರ ಬೆಳಿಗ್ಗೆ ಮೇಷ್ಟ್ರು ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದರು. ಸೇತುವೆಗೆ ಮುಂಚಿನ ತಿರುವಿನಲ್ಲಿ ಕಾರು ಎಡಕ್ಕೆ ಎಳೆದು ಕಟ್ಟೆಗೆ ಗುದ್ದಿತು. ಮುದುಕಿ ಆಸ್ಪತ್ರೆ ಮುಟ್ಟಲಿಲ್ಲ. ಮೇಷ್ಟ್ರ ಎಡತೊಡೆ ಎರಡು ಕಡೆ ಮುರಿಯಿತು. ಪೊಲೀಸರು ಬಂದು ಅಳತೆ ಹಿಡಿದು, ವೇಗ ಹೆಚ್ಚಾಗಿ ಹಿಡಿತ ತಪ್ಪಿದೆ, ಗುದ್ದಿದ ಏಟಿಗೆ ಮುಂದಿನ ಚಕ್ರ ಕಿತ್ತುಹೋಗಿದೆ ಎಂದು ಬರೆದುಕೊಂಡರು. ಎಲ್ಲರೂ ಅದನ್ನೇ ನಂಬಿದರು. ನಂಬದೆ ಇರಲು ಯಾರಿಗೂ ಕಾರಣವಿರಲಿಲ್ಲ.

ಎರಡು ವಾರದ ಮೇಲೆ ತಂಗಿ ಕೇಳಿಕೊಂಡಳೆಂದು ಗುಮಾಸ್ತರು ಠಾಣೆಗೆ ಹೋದರು. ಕಾರಿನಲ್ಲಿ ಉಳಿದಿದ್ದ ಕಾಗದಪತ್ರ, ಅತ್ತೆಯ ಕನ್ನಡಕದ ಡಬ್ಬಿ, ಒಂದು ಶಾಲು ತರಬೇಕಿತ್ತು. ಠಾಣೆಯ ಹಿಂದಿನ ಬಯಲಿನಲ್ಲಿ ಜಜ್ಜಿದ ವಾಹನಗಳ ನಡುವೆ ಅದೂ ಬಿದ್ದಿತ್ತು. ಕಿತ್ತುಹೋದ ಚಕ್ರವನ್ನು ಯಾರೋ ಹಿಂದಿನ ಸೀಟಿಗೆ ಎಸೆದಿದ್ದರು. ಗುಮಾಸ್ತರು ಶಾಲು ಮಡಚುತ್ತಾ ಅದರ ಕಡೆ ನೋಡಿದರು. ನೋಡಿ ಅಲ್ಲೇ ನಿಂತುಬಿಟ್ಟರು.

ಗುದ್ದಿದ ಏಟಿಗೆ ಕಿತ್ತುಬಂದ ಚಕ್ರವಾದರೆ ಬೋಲ್ಟುಗಳು ಬಾಗಬೇಕು, ಮುರಿಯಬೇಕು, ನಟ್ಟುಗಳು ಅಲ್ಲೇ ಕಚ್ಚಿಕೊಂಡಿರಬೇಕು. ಇಲ್ಲಿ ಕಾರಿನ ಕಡೆ ಉಳಿದಿದ್ದ ನಾಲ್ಕು ಬೋಲ್ಟೂ ನೆಟ್ಟಗೆ ನಿಂತಿದ್ದವು. ಒಂದರಲ್ಲೂ ನಟ್ಟಿರಲಿಲ್ಲ. ಚಕ್ರದ ನಾಲ್ಕು ತೂತುಗಳು ದುಂಡಗಿರುವ ಬದಲು ಮೊಟ್ಟೆಯಾಕಾರಕ್ಕೆ ಸವೆದಿದ್ದವು. ಸಡಿಲ ನಟ್ಟಿನ ಚಕ್ರ ದಿನಗಟ್ಟಲೆ ಅಲ್ಲಾಡುತ್ತಾ ಟಕ್ ಟಕ್ ಎಂದು ಬಡಿದುಕೊಂಡರೆ ಮಾತ್ರ ಹಾಗಾಗುತ್ತದೆ. ಪೊಲೀಸರಿಗೆ ಅದು ಬರೀ ಕಬ್ಬಿಣ. ಇವರಿಗೆ ಅದು ತಮ್ಮದೇ ಕೈಬರಹದ ಹಾಗೆ ಸಲೀಸಾಗಿ ಓದಲಿಕ್ಕೆ ಬಂತು. ಎಡಗಡೆ ಚಕ್ರಕ್ಕೆ ನೆಲಬಿಗಿ ಕೊಟ್ಟಿರಲಿಲ್ಲ.

ಮರೆತೆ, ನಾನೇ ಮರೆತೆ, ಒಂದು ಜೀವ ತೆಗೆದೆ ಎಂದುಕೊಂಡು ಅವರು ಸೀದಾ ತಂಗಿಯ ಮನೆಗೆ ನಡೆದರು. ಹೇಳಿಬಿಡಬೇಕು, ಹೇಳಿ ಕಾಲು ಹಿಡಿಯಬೇಕು ಎಂಬುದು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ. ಬಾಗಿಲು ತೆಗೆದ ತಂಗಿ ಅತ್ತೆಯ ಶಾಲು ಕಂಡದ್ದೇ ತಡ, ಅದನ್ನು ಮುಖಕ್ಕೆ ಒತ್ತಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತಳು.

"ಅವತ್ತು ನಿಮ್ಮನೆಯಿಂದ ಬಂದಾಗ ಕಾರು ನೋಡಿ ಅತ್ತೆ ಎಷ್ಟು ಖುಷಿಪಟ್ಟಿದ್ರು ಗೊತ್ತಾ ಅಣ್ಣ? ನೀನು ಫೋನಿಗೆ ಅಂತ ಒಳಗೆ ಹೋದಾಗ ನಾನು ಆ ಬೆಳ್ಳಿ ಕಪ್ಪುಗಳನ್ನ ನಲ್ಲೀಲಿ ತೊಳೆದು, ನಾನೇ ಒತ್ತಿ ಕೂರಿಸಿದ್ದೆ. ನಿನಗೊಂದು ಕೆಲಸ ಕಡಿಮೆಯಾಗ್ಲಿ ಅಂತ. ಮದುವೆ ಹೆಣ್ಣಿನ ಹಾಗೆ ಕಾಣ್ತಿದೆ ಕಣೆ ಅಂದಿದ್ರು ಅತ್ತೆ."

ಗುಮಾಸ್ತರ ಬಾಯಿ ತೆರೆದದ್ದು ಹಾಗೇ ಮುಚ್ಚಿತು. ಈಗ ನಿಜ ಹೇಳಿದರೆ ಅವಳು ಕೇಳುತ್ತಾಳೆ, ಹೇಗೆ ಮರೆತೆ ಅಣ್ಣ ಎಂದು. ಇವರು ಏನೇ ಹೇಳಲಿ, ಇವತ್ತಲ್ಲ ನಾಳೆ, ತಾನು ಕೂರಿಸಿದ ಕಪ್ಪು ಕಂಡೇ ಅಣ್ಣ ಮೋಸಹೋದ ಎಂದು ಅವಳೇ ಕೂಡಿಸಿ ನೋಡುತ್ತಾಳೆ. ಆ ಕೈಯಲ್ಲಿ ಅವಳು ಇನ್ನು ಅನ್ನ ತಿನ್ನುವುದು ಹೇಗೆ? ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವರು ತಂಗಿಯ ತಲೆ ಸವರಿ, ಕನ್ನಡಕದ ಡಬ್ಬಿ ಕೈಗಿಟ್ಟು, ಒಳಗೂ ಹೋಗದೆ ವಾಪಸು ಬಂದರು.

ಮೂರು ತಿಂಗಳು ಹೀಗೇ ಕಳೆಯಿತು. ಭಾನುವಾರಗಳಲ್ಲಿ ಬೀದಿಯವರಿಗೆ ಕಾಲುಗಳು ಕಾಣಿಸಲಿಲ್ಲ. "ಕಾಲು ಸಾಹೇಬ್ರಿಗೆ ನಡುನೋವಂತೆ" ಎಂದು ಹಾಲಿನವನು ಸುದ್ದಿ ಹಬ್ಬಿಸಿದ. ಹೆಂಡತಿ ಒಂದೆರಡು ಸಲ ಕೆದಕಿ ನೋಡಿದರು, ಇವರು ಪೇಪರು ಬಿಡಿಸಿಕೊಂಡರು. ಗುಮಾಸ್ತರು ಕಚೇರಿಗೆ ಬಸ್ಸಿನಲ್ಲಿ ಹೋಗತೊಡಗಿದರು. ಅಂಗಳದ ಕಾರಿನ ಟೈರು ಗಾಳಿ ಇಳಿದು ನೆಲಕ್ಕೆ ಚಪ್ಪಟೆಯಾಗುತ್ತಾ ಬಂತು.

ತಂಗಿಯ ಮನೆಯಲ್ಲಿ ಸ್ಥಿತಿ ಇದಕ್ಕಿಂತ ಕೆಟ್ಟದಾಗಿತ್ತು. ಮೇಷ್ಟ್ರು ಮುರಿದ ಕಾಲಿನ ನೆಪದಲ್ಲಿ ಮಲಗಿದವರು ಎದ್ದಿರಲಿಲ್ಲ. ಮೂಳೆ ಕೂಡಿದೆ, ನಡೆಸಿ ಎಂದು ಡಾಕ್ಟರು ಹೇಳಿದರೂ ಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಶಾಲೆಗೆ ರಜೆಯ ಮೇಲೆ ರಜೆ. ಕೇಳಿದವರಿಗೆಲ್ಲ ಒಂದೇ ಮಾತು, "ಅಮ್ಮನ್ನ ನಾನೇ ಕೊಂದೆ." ಒಂದು ದಿನ ತಂಗಿ ಫೋನಿನಲ್ಲಿ ಅತ್ತೇಬಿಟ್ಟಳು. "ಎರಡು ದಿನದಿಂದ ತಟ್ಟೆ ಮುಟ್ಟಿಲ್ಲ ಅಣ್ಣ. ನೀನೊಂದು ಸಲ ಬಂದು ಮಾತಾಡು. ನಿನ್ನ ಮಾತಿಗೆ ಬೆಲೆ ಕೊಡ್ತಾರೆ."

ಆ ಸಂಜೆ ಬಸ್ಸಿನಲ್ಲಿ ಕೂತು ಗುಮಾಸ್ತರು ತೀರ್ಮಾನ ಮಾಡಿದರು. ಮಾಡದ ತಪ್ಪಿಗೆ ಒಬ್ಬ ಮನುಷ್ಯ ಕಣ್ಣೆದುರೇ ಸಾಯುತ್ತಿದ್ದಾನೆ. ಹೇಳಲೇಬೇಕು. ಆದರೆ ಮೇಷ್ಟ್ರಿಗೆ ಮಾತ್ರ. ಕಪ್ಪಿನ ವಿಷಯ ಮಾತ್ರ ತನ್ನ ಜೊತೆ ಮಣ್ಣಿಗೆ ಹೋಗಬೇಕು. ಮರೆತೆ ಎಂದರೆ ಮರೆತೆ. ಗುಮಾಸ್ತ ಮರೆತ ಅಂದರೆ ನಂಬದವರು ಯಾರು?

ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕಿಟಕಿ ಮುಚ್ಚಿತ್ತು, ಕೋಣೆಯಲ್ಲಿ ಮುಲಾಮಿನ ವಾಸನೆ. ತಂಗಿ ಚಹಾ ಇಡಲು ಅಡುಗೆಮನೆಗೆ ಹೋದಳು. ಗುಮಾಸ್ತರು ಕುರ್ಚಿ ಎಳೆದುಕೊಂಡು, ಗಂಟಲು ಸರಿಮಾಡಿಕೊಳ್ಳುವುದಕ್ಕೂ ಕಾಯದೆ ಹೇಳಿಬಿಟ್ಟರು.

"ಮೇಷ್ಟ್ರೇ, ನೀವು ಕೊಂದಿಲ್ಲ. ನಾನು. ಎಡಗಡೆ ಚಕ್ರದ ನಟ್ಟು ಪೂರ್ತಿ ಬಿಗಿ ಮಾಡೋದು ಮರೆತಿದ್ದೆ. ಠಾಣೇಲಿ ಚಕ್ರ ನೋಡ್ದಾಗ ಗೊತ್ತಾಯ್ತು. ಗುದ್ದೋದಕ್ಕೆ ಮುಂಚೆನೇ ಚಕ್ರ ಕಳಚಿದೆ."

ಮೇಷ್ಟ್ರು ಈ ಕಡೆ ತಿರುಗಲಿಲ್ಲ. ಗೋಡೆಗೇ ಹೇಳಿದರು. "ಗೊತ್ತು ಭಾವ."

"ಗೊತ್ತಾ?"

"ಚಕ್ರ ನನ್ನ ಕಣ್ಣೆದುರೇ ಕಾರಿಗಿಂತ ಮುಂದೆ ಉರುಳ್ಕೊಂಡು ಹೋಯ್ತು. ನಾವು ಗುದ್ದಿದ್ದು ಆಮೇಲೆ. ಲೆಕ್ಕದ ಮೇಷ್ಟ್ರು ನಾನು, ಯಾವುದು ಮೊದಲು ಯಾವುದು ಆಮೇಲೆ ಅಂತ ತಿಳಿಯಲ್ವಾ?"

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?"

ಮೇಷ್ಟ್ರು ಈಗ ತಿರುಗಿದರು. ಗಡ್ಡ ಬೆಳೆದು, ಕಣ್ಣು ಗುಳಿ ಬಿದ್ದು, ಮುಖ ಗುರುತೇ ಸಿಗದ ಹಾಗಾಗಿತ್ತು. "ಹೇಳಿದ್ರೆ ಇವಳಿಗೆ ಅಣ್ಣ ಇಲ್ಲ. ಅತ್ತೇನೂ ಹೋದ್ರು, ಅಣ್ಣನೂ ಹೋದ. ಇವಳು ಎಲ್ಲಿಗೆ ಹೋಗ್ಬೇಕು?" ಅವರೇ ಮುಂದುವರಿಸಿದರು. "ಆಮೇಲೆ ನಾನು ಸುಳ್ಳೂ ಹೇಳ್ತಿಲ್ಲ. ಮನೆ ಬಿಟ್ಟಾಗಿಂದ ಅಮ್ಮ ಹೇಳ್ತಾನೇ ಇದ್ಲು, ಸದ್ದು ಜಾಸ್ತಿಯಾಗಿದೆ, ನಿಲ್ಲಿಸಿ ನೋಡೋ ಅಂತ. ಭಾವ ಹೇಳಿದ್ದಾರೆ, ಏನೂ ಆಗಲ್ಲ ಸುಮ್ನಿರು ಅಂತ ಗದರಿದೆ. ಅವಳ ಜೊತೆ ನಾನಾಡಿದ ಕಡೇ ಮಾತು ಅದು. ನಿಮ್ಮದು ನಿಮಗಿರ್ಲಿ, ಇದು ನಂದು. ನೀವು ಹಂಚ್ಕೊಳ್ಳೋಕೆ ಬರೋದಿಲ್ಲ."

ಗುಮಾಸ್ತರಿಗೆ ಅಳು ಬಂತು. ತಾನು ನಿಜ ಹೇಳಿದರೆ ಈ ಮನುಷ್ಯನ ಎದೆಯ ಭಾರ ಇಳಿಯುತ್ತದೆ ಎಂದುಕೊಂಡು ಬಂದಿದ್ದರು. ಇಳಿಯಲಿಲ್ಲ.

"ಇನ್ನು ನಾನು ಈ ಮನೆಗೆ ಬರಲ್ಲ ಮೇಷ್ಟ್ರೇ."

"ಬರ್ಬೇಕು. ಬರೋದು ನಿಲ್ಸಿದ್ರೆ ಯಾಕೆ ಅಂತ ಅವಳು ಕೇಳ್ತಾಳೆ. ಬನ್ನಿ, ಚಹಾ ಕುಡೀರಿ, ಮಾತಾಡಿ." ಮೇಷ್ಟ್ರು ಮತ್ತೆ ಗೋಡೆಗೆ ತಿರುಗಿದರು. "ನನ್ನ ಕಣ್ಣೆದುರು ಮಾತ್ರ ಜಾಸ್ತಿ ಹೊತ್ತು ಕೂರ್ಬೇಡಿ."

ಅಷ್ಟರಲ್ಲಿ ತಂಗಿ ಮೂರು ಲೋಟ ಹಿಡಿದು ಬಂದಳು. ಮುಖದಲ್ಲಿ ಎಷ್ಟೋ ದಿನದ ಮೇಲೆ ಸ್ವಲ್ಪ ಗೆಲುವು. ಅವಳದೂ ಒಂದು ಸುದ್ದಿ ಇತ್ತು. ಕಾಲಿನ ವ್ಯಾಯಾಮಕ್ಕೆಂದು ಮೇಷ್ಟ್ರನ್ನು ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಕರೆದೊಯ್ಯಬೇಕು, ಆದ್ದರಿಂದ ಅವಳು ಸದ್ದಿಲ್ಲದೆ ಡ್ರೈವಿಂಗ್ ಕಲಿತಿದ್ದಳು. ಪರಿಚಯದವರದೊಂದು ಹಳೆಯ ಕಾರು ಗೊತ್ತಾಗಿ ನಿನ್ನೆಯೇ ಮನೆ ಮುಂದೆ ಬಂದು ನಿಂತಿತ್ತು.

"ಬ್ರೇಕು ಸವೆದಿದೆ ಅಂದ್ರು ಅಣ್ಣ. ಎರಡು ಜೊತೆ ಪ್ಯಾಡು ನಾನೇ ತಂದಿಟ್ಟಿದ್ದೀನಿ. ಭಾನುವಾರ ಬಂದು ಹಾಕ್ಕೊಡು."

ಗುಮಾಸ್ತರು ಲೋಟ ಕೆಳಗಿಟ್ಟರು. "ಗ್ಯಾರೇಜಿಗೆ ಕೊಡು ತಾಯಿ. ನಂಗೆ ಈಗ ಆಗಲ್ಲ."

"ಯಾಕೆ ಆಗಲ್ಲ?"

"ಆಗಲ್ಲ ಅಂದ್ರೆ ಆಗಲ್ಲ, ಅಷ್ಟೇ."

ತಂಗಿಯ ಮುಖ ಬಾಡಿತು. ಮೂರು ತಿಂಗಳಿಂದ ಅಣ್ಣ ಬಾಗಿಲಲ್ಲೇ ನಿಂತು ಹೋಗುತ್ತಿದ್ದುದು, ಫೋನಿಗೆ ಒಂದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದುದು, ಎಲ್ಲವನ್ನೂ ಅವಳು ಒಟ್ಟು ಮಾಡಿ ತಪ್ಪಾಗಿ ಅರ್ಥಮಾಡಿಕೊಂಡಳು. "ಸಾವಾದ ಮನೆ, ಇವರ ಕಾರು ಮುಟ್ಟಿದ್ರೆ ತನಗೂ ಕೇಡು ಅಂತಾನಾ ಅಣ್ಣ? ಊರವರು ದೂರ ಆದ್ರು, ನೀನೂ ಆಗ್ತೀಯಾ? ನಿನ್ನ ಬಿಟ್ಟು ಬೇರೆಯವರ ಕೈಯಲ್ಲಿ ನಂಗೆ ನಂಬಿಕೆ ಇಲ್ಲ ಅಂತ ನಿಂಗೆ ಗೊತ್ತಿಲ್ವಾ?"

ಗುಮಾಸ್ತರು ತಲೆ ತಗ್ಗಿಸಿದರು. ಇದಕ್ಕಿಂತ ಅವಳು ಕೆನ್ನೆಗೆ ಹೊಡೆದಿದ್ದರೆ ಸಹಿಸಬಹುದಿತ್ತು. ಏನು ಹೇಳಿದರೂ ಒಂದೋ ಅವಳ ನಂಬಿಕೆ ಹೋಗಬೇಕು, ಇಲ್ಲವೇ ಅವಳೇ ದೂರವಾಗಬೇಕು. ಆಗ ಗೋಡೆಯ ಕಡೆಯಿಂದ ಮೇಷ್ಟ್ರ ಧ್ವನಿ ಬಂತು.

"ಭಾವನೇ ಮಾಡ್ತಾರೆ. ಇನ್ಮೇಲೆ ಓಡಿಸೋದು ನೀನು. ಭಾವನೇ ಮಾಡ್ಲಿ."

ಭಾನುವಾರ ಗುಮಾಸ್ತರು ಚೀಲದಲ್ಲಿ ಜ್ಯಾಕು, ಪಾನಾ ಹೊತ್ತು ಬಸ್ಸಿಳಿದರು. ಅಂಗಳದಲ್ಲಿ ಕಾರಿನ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನದನ್ನು ಎತ್ತಿದರು. ಬಿಚ್ಚಿದ್ದೊಂದೊಂದನ್ನೂ ಎರಡೆರಡು ಸಲ ಮುಟ್ಟಿ ನೋಡಿದರು. ಮೂವತ್ತು ನಿಮಿಷದ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. ಅರ್ಧ ಕೆಲಸವಾಗಿದ್ದಾಗ ಬೆನ್ನ ಹಿಂದೆ ಊರುಗೋಲಿನ ಸದ್ದು ಕೇಳಿಸಿತು. ಮೇಷ್ಟ್ರು ಗೋಡೆ ಹಿಡಿದು, ಹೆಜ್ಜೆಗೊಂದು ಸಲ ನಿಂತು, ಮೆಟ್ಟಿಲಿಳಿದು ಬರುತ್ತಿದ್ದರು. ಸ್ಟೂಲೊಂದನ್ನು ಎಳೆದುಕೊಂಡು ಚಕ್ರದ ಪಕ್ಕವೇ ಕೂತರು. ಕಣ್ಣು ಗುಮಾಸ್ತರ ಕೈಬೆರಳುಗಳ ಮೇಲೆ ನೆಟ್ಟಿತ್ತು. ಪರೀಕ್ಷೆಯಲ್ಲಿ ನಕಲು ಮಾಡಿ ಒಮ್ಮೆ ಸಿಕ್ಕಿಬಿದ್ದವನನ್ನು ಮೇಷ್ಟ್ರುಗಳು ಆಮೇಲೆ ಹಾಗೇ ಕಾಯುತ್ತಾರೆ.

ಕಾರು ನೆಲಕ್ಕಿಳಿಯಿತು. ಗುಮಾಸ್ತರು ನಾಲ್ಕು ನಟ್ಟನ್ನೂ ಮೈಭಾರ ಬಿಟ್ಟು ಬಿಗಿದರು. ಬಿಗಿದು ಹಿಂದೆ ಸರಿಯುವ ಮುಂಚೆಯೇ ಮೇಷ್ಟ್ರು ಕೈ ಚಾಚಿದರು. ಗುಮಾಸ್ತರು ಪಾನಾ ಕೊಟ್ಟರು. ಮೇಷ್ಟ್ರು ಸ್ಟೂಲಿನಿಂದ ಜಾರಿ, ಮುರಿದ ಕಾಲನ್ನು ನೀಳವಾಗಿ ಚಾಚಿ ನೆಲದ ಮೇಲೆ ಕೂತು, ಒಂದೊಂದು ನಟ್ಟಿಗೂ ಪಾನಾ ಹಾಕಿ ಹಲ್ಲು ಕಚ್ಚಿ ಎಳೆದು ನೋಡಿದರು. ಯಾವುದೂ ಕದಲಲಿಲ್ಲ. ಕದಲಲಿಲ್ಲವೆಂದು ಇಬ್ಬರಲ್ಲಿ ಯಾರಿಗೂ ಸಮಾಧಾನವಾಗಲಿಲ್ಲ.

ಅಡುಗೆಮನೆಯ ಕಿಟಕಿಯಿಂದ ತಂಗಿ ಇದನ್ನೆಲ್ಲ ನೋಡುತ್ತಿದ್ದಳು. ತಡೆಯಲಾರದೆ ಅತ್ತಿಗೆಗೆ ಫೋನು ಮಾಡಿದಳು. "ಅತ್ತಿಗೆ, ಇವರು ಎದ್ದು ಹೊರಗೆ ಬಂದಿದ್ದಾರೆ! ಮೂರು ತಿಂಗಳಾದ ಮೇಲೆ! ಅಣ್ಣನ ಜೊತೆ ಕೂತು ಚಕ್ರದ ಕೆಲಸ ಕಲೀತಾ ಇದ್ದಾರೆ, ನಂಬ್ತೀರಾ? ಅಣ್ಣ ಬಂದಿದ್ದಕ್ಕೇ ಇವರು ಎದ್ದಿದ್ದು. ಇನ್ಮೇಲೆ ವಾರ ವಾರ ಕಳಿಸಿ ಅತ್ತಿಗೆ, ಒಂದು ವಾರನೂ ತಪ್ಪಿಸ್ಬೇಡಿ."

ಅವಳ ನಗು ಅಂಗಳಕ್ಕೂ ಕೇಳಿಸಿತು. ಗುಮಾಸ್ತರು ಕಿಟಕಿಯ ಕಡೆ ತಲೆಯೆತ್ತಿ, ಬಂದಷ್ಟು ನಕ್ಕರು. ಮೇಷ್ಟ್ರು ಪಾನಾ ಊರಿಕೊಂಡು ಇನ್ನೊಂದು ಚಕ್ರದ ಕಡೆ ಜರುಗಿದರು.